ಒಂದೇ ಪ್ರಶ್ನೆಯನ್ನು ಏಳು ಕಡೆ ಕೇಳಿ ನೋಡಿದೆ

2, 4, 4, 4, 5, 5, 7, 9. ಇಡೀ ಗುಂಪೇ ಈ ಎಂಟು ಸಂಖ್ಯೆ. ಇವುಗಳ ಸ್ಟ್ಯಾಂಡರ್ಡ್ ಡಿವಿಯೇಷನ್, ಅಂದರೆ ಇವು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಎಷ್ಟು?

ಪುಸ್ತಕದಲ್ಲಿ ಮಾನಕ ವಿಚಲನೆ ಅಂತ ಇರುತ್ತದೆ. ತರಗತಿಯಲ್ಲಿ ಎಲ್ಲರ ಬಾಯಲ್ಲೂ ಎಸ್‌ಡಿ. ಲೆಕ್ಕ ಸುಲಭ. ಸರಾಸರಿ 5. ಒಂದೊಂದು ಸಂಖ್ಯೆಯೂ 5ರಿಂದ ಎಷ್ಟು ದೂರ ಇದೆ ನೋಡಿ, ಆ ದೂರಗಳನ್ನು ವರ್ಗ ಮಾಡಿ ಕೂಡಿದರೆ 32. ಎಂಟರಿಂದ ಭಾಗಿಸಿದರೆ 4. ಅದರ ವರ್ಗಮೂಲ 2. ಉತ್ತರ ಅಷ್ಟೇ.

ನನಗೆ ಈ ಪ್ರಶ್ನೆ ಇಷ್ಟವಾಗಿದ್ದು ಸರಿ ಉತ್ತರದಿಂದಲ್ಲ, ತಪ್ಪು ಉತ್ತರಗಳಿಂದ. 4 ಅಂತ ಬರೆದವರು ವರ್ಗಮೂಲ ಮರೆತಿದ್ದಾರೆ. 1.5 ಬರೆದವರು ವರ್ಗ ಮಾಡುವ ಬದಲು ಮೈನಸ್ ಚಿಹ್ನೆ ಕಿತ್ತುಹಾಕಿ ಕೂಡಿದ್ದಾರೆ. 0 ಬರೆದವರು ಮೈನಸ್ಸನ್ನೂ ಹಾಗೇ ಬಿಟ್ಟಿದ್ದಾರೆ, ಕೂಡಿದಾಗ ಎಲ್ಲ ಒಂದಕ್ಕೊಂದು ಹೊಡೆದುಹೋಗಿದೆ. 2.14 ಬರೆದವರು ಎಂಟರ ಬದಲು ಏಳರಿಂದ ಭಾಗಿಸಿದ್ದಾರೆ. ದೊಡ್ಡ ಗುಂಪಿನಿಂದ ತೆಗೆದ ಮಾದರಿ ಮಾತ್ರ ಕೈಯಲ್ಲಿದ್ದಾಗ ಹಾಗೆ ಭಾಗಿಸುವುದೇ ವಾಡಿಕೆ. ನಾನು ಕೇಳಿದ್ದು ಇಡೀ ಗುಂಪಿನ ಬಗ್ಗೆ. ಅಂದರೆ ಇವರು ಓದದವರಲ್ಲ. ಓದಿದ್ದಾರೆ, ಆದರೆ ಯಾವಾಗ ಯಾವುದು ಅನ್ನುವುದು ಕಲಸಿಹೋಗಿದೆ.

ನಾನು ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ದೊಡ್ಡ ತರಗತಿ, ಕೈಯಲ್ಲಿ ಪೇಪರ್ ತಿದ್ದುತ್ತಾ ಕೂತರೆ ವಾರಗಳೇ ಬೇಕು. ಹಾಗಾಗಿ ಕೆಲವು ವರ್ಷಗಳಿಂದ ಕಂಪ್ಯೂಟರ್ ಕೈಗೆ ಈ ಕೆಲಸ ಒಪ್ಪಿಸಲು ಒಂದೊಂದೇ ದಾರಿ ಹುಡುಕುತ್ತಾ ಬಂದೆ. ಪ್ರತಿ ಹೊಸ ವ್ಯವಸ್ಥೆಗೂ ಮೊದಲು ಕೊಟ್ಟಿದ್ದು ಇದೇ ಎಂಟು ಸಂಖ್ಯೆ. ಸರಿ ಉತ್ತರಕ್ಕೆ ಅಂಕ ಹಾಕುವುದು ಎಲ್ಲಾ ಯಂತ್ರಕ್ಕೂ ಬರುತ್ತದೆ, ಅದರಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ. ನಾನು ನೋಡಿದ್ದು ಒಂದೇ: 2.14 ಬಂದಾಗ ಇದು ನನಗೆ ಏನು ಹೇಳುತ್ತದೆ?

ಓಎಂಆರ್ ಹಾಳೆ

ಶುರು ಮಾಡಿದ್ದು ಎಲ್ಲರಿಗೂ ಗೊತ್ತಿರುವುದರಿಂದ. ನಾಲ್ಕು ಆಯ್ಕೆ, ಗುಂಡಿ ತುಂಬು, ಹಾಳೆ ಯಂತ್ರಕ್ಕೆ ಹಾಕು.

ಇದರ ಅಜ್ಜ ಐಬಿಎಂ 805, 1938ರದು. ರೆನಾಲ್ಡ್ ಜಾನ್ಸನ್ ಎಂಬ ಶಾಲಾ ಮೇಷ್ಟ್ರ ಉಪಾಯದಿಂದ ಬಂದಿದ್ದು. ಪೆನ್ಸಿಲ್ ಗುರುತಿನಲ್ಲಿರುವ ಗ್ರಾಫೈಟ್ ಮೂಲಕ ವಿದ್ಯುತ್ ಹರಿಯುತ್ತದೆ, ಆ ಯಂತ್ರ ಅದನ್ನೇ ಅಳೆಯುತ್ತಿತ್ತು. ಬೆಳಕಿನಿಂದ ಗುರುತು ಓದುವ ಯಂತ್ರಗಳು ಬಂದಿದ್ದು ಆಮೇಲೆ. ಇದೇ ಮೇಷ್ಟ್ರು ಮುಂದೆ ಐಬಿಎಂನ ಮೊದಲ ಹಾರ್ಡ್ ಡಿಸ್ಕ್ ಮಾಡಿದ ತಂಡಕ್ಕೂ ಮುಖ್ಯಸ್ಥರಾದರು. ಪೇಪರ್ ತಿದ್ದಿ ಬೇಸತ್ತವರು ಎಲ್ಲಿಗೆ ಬೇಕಾದರೂ ಮುಟ್ಟುತ್ತಾರೆ ನೋಡಿ.

ಓಎಂಆರ್‌ನ ವೇಗಕ್ಕೆ ಕಾಗದದ ಮೇಲಿನ ಬೇರೆ ಯಾವ ಪರೀಕ್ಷೆಯೂ ಸಾಟಿಯಲ್ಲ. ಕರೆಂಟ್ ಹೋಯಿತು, ನೆಟ್ ಹೋಯಿತು ಅನ್ನುವ ಗೋಳು ಪರೀಕ್ಷೆ ನಡೆಯುವ ಹೊತ್ತಿನಲ್ಲಿ ಇಲ್ಲ. ಆದರೆ ನನ್ನ ಪ್ರಶ್ನೆಗೆ ಅಲ್ಲಿ ಆಗಿದ್ದೇನು ಗೊತ್ತಾ? ನಾನು ಕೊಟ್ಟ ಆಯ್ಕೆಗಳು 0, 1.5, 2, 4. ಏಳರಿಂದ ಭಾಗಿಸಿದ ಹುಡುಗರಿಗೆ 2.14 ಬಂತು. ಆಯ್ಕೆಗಳಲ್ಲಿ 2.14 ಇಲ್ಲ. ಹತ್ತಿರದ್ದು ಯಾವುದು? 2. ಗುಂಡಿ ತುಂಬಿದರು, ಪೂರ್ತಿ ಅಂಕ ಬಂತು. ತಪ್ಪು ಮಾಡಿದ್ದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಒಬ್ಬ ಹುಡುಗಿ ಪರೀಕ್ಷೆ ಮುಗಿದ ಮೇಲೆ ಬಂದು "ಮೇಡಂ, ಆ ಪ್ರಶ್ನೆಯಲ್ಲಿ ಪಾಯಿಂಟ್ ಒಂದು ನಾಲ್ಕು ಬಿಟ್ಟುಹೋಗಿದೆ" ಅಂದಾಗಲೇ ನನಗೆ ಹೊಳೆದಿದ್ದು.

ಮುಂದಿನ ಸಲ 2.14ನ್ನೂ ಆಯ್ಕೆಗಳಲ್ಲಿ ಸೇರಿಸಿದೆ. ಸಮಸ್ಯೆ ಪೂರ್ತಿ ಹೋಗಲಿಲ್ಲ. ಆಯ್ಕೆ ಕೊಟ್ಟ ಮೇಲೆ ಲೆಕ್ಕ ಮಾಡದೆಯೂ ಆರಿಸಬಹುದಲ್ಲ. ನಾಲ್ಕು ಆಯ್ಕೆಯ 20 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುಂಡಿ ತುಂಬಿದರೂ 8 ಅಥವಾ ಜಾಸ್ತಿ ಸರಿಯಾಗುವ ಸಾಧ್ಯತೆ ಸುಮಾರು 10%. ಹತ್ತು ಜನ ಹಾಗೆ ಮಾಡಿದರೆ ಒಬ್ಬ ನೂರಕ್ಕೆ 40ರ ಗೆರೆ ಮುಟ್ಟುತ್ತಾನೆ ಅಂತ ಲೆಕ್ಕ. ತಪ್ಪಿಗೆ ಮೂರನೇ ಒಂದು ಅಂಕ ಕಳೆದರೆ ಊಹೆಯ ಲಾಭ ಸರಾಸರಿಯಲ್ಲಿ ಸೊನ್ನೆಯಾಗುತ್ತದೆ. ಆದರೆ ಧೈರ್ಯಸ್ಥರಿಗೂ ಪುಕ್ಕಲರಿಗೂ ನಡುವಿನ ಅಂತರ ಹಾಗೇ ಉಳಿಯುತ್ತದೆ.

ಆಯ್ಕೆ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅಂತ ನಾನೂ ನಂಬಿದ್ದೆ. 2005ರಲ್ಲಿ ಮೈಕೆಲ್ ರಾಡ್ರಿಗಸ್ ಎನ್ನುವವರು 80 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿ, ಮೂರು ಆಯ್ಕೆ ಸಾಕು ಅನ್ನುವ ತೀರ್ಮಾನಕ್ಕೆ ಬಂದರು. ನನ್ನ ಹಳೇ ಪ್ರಶ್ನೆಗಳನ್ನು ತಿರುವಿ ನೋಡಿದರೆ ನಿಜ ಅನ್ನಿಸಿತು. ನಾಲ್ಕನೆಯ ಆಯ್ಕೆ ಅಂತ ಸುಮ್ನೆ ತುರುಕಿದ್ದನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಮೂಡಲ್‌ನ ಸಂಖ್ಯೆ ಪ್ರಶ್ನೆ

ಮೂಡಲ್ ಪಾಠ, ಪರೀಕ್ಷೆಗಳನ್ನು ಆನ್‌ಲೈನ್‌ನಲ್ಲಿ ನಡೆಸುವ ಉಚಿತ ತಂತ್ರಾಂಶ. ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ್ದು, ಮೊದಲ ಆವೃತ್ತಿ 2002ರ ಆಗಸ್ಟ್‌ನಲ್ಲಿ ಬಂತು. ಅದರ ಕ್ವಿಜ್ ಭಾಗದಲ್ಲಿ ಆಯ್ಕೆ ಕೊಡದೆ ಖಾಲಿ ಜಾಗದಲ್ಲಿ ಸಂಖ್ಯೆ ಟೈಪ್ ಮಾಡಿಸಬಹುದು. ನನಗೆ ಬೇಕಾಗಿದ್ದು ಇದೇ. ಆರಿಸುವುದಲ್ಲ, ಮಾಡಿ ತೋರಿಸುವುದು.

ಇಲ್ಲಿ ಮೊದಲ ಸಲ ಎಡವಿದ್ದು ನಾನೇ. ಉತ್ತರ ಎಷ್ಟರ ಮಟ್ಟಿಗೆ ಆಚೆ ಈಚೆ ಇದ್ದರೆ ಒಪ್ಪಬಹುದು ಅನ್ನುವುದನ್ನು ನಾವು ಹೇಳಬೇಕು. ದಶಾಂಶದಲ್ಲಿ ಯಾರಿಗೂ ಅನ್ಯಾಯ ಆಗದಿರಲಿ ಅಂತ ಉದಾರವಾಗಿ 0.2 ಅಂತ ಕೊಟ್ಟೆ. 1.8ರಿಂದ 2.2ರವರೆಗೆ ಎಲ್ಲಾ ಸರಿ. ಅಂದರೆ 2.14 ಕೂಡ ಸರಿ! ಓಎಂಆರ್‌ನಲ್ಲಿ ಅಡಗಿದ್ದ ತಪ್ಪೇ ಇಲ್ಲೂ ಅಡಗಿತು, ಈ ಸಲ ನನ್ನ ಕೈಯಾರೆ. ವ್ಯತ್ಯಾಸ ಇಷ್ಟೇ. ಓಎಂಆರ್‌ನಲ್ಲಿ ಅದು ಶಾಶ್ವತವಾಗಿ ಹೂತುಹೋಗಿತ್ತು, ಇಲ್ಲಿ ವರದಿಯ ಪುಟ ತೆರೆದರೆ ಯಾರು ಏನು ಟೈಪ್ ಮಾಡಿದ್ದಾರೆ ಅನ್ನುವುದು ಸಾಲಾಗಿ ಕಂಡಿತು. 2, 2, 2.14, 2, 2.138, 4. ಮಿತಿಯನ್ನು 0.01ಕ್ಕೆ ಇಳಿಸಿ ಮತ್ತೆ ಅಂಕ ಹಾಕು ಅಂದೆ, ಕ್ಷಣದಲ್ಲಿ ಹಾಕಿತು.

ಆಮೇಲೆ ಗೊತ್ತಾಗಿದ್ದು ಇದರ ನಿಜವಾದ ಗುಣ. ಒಂದೇ ಪ್ರಶ್ನೆಗೆ ಎಷ್ಟು ಬೇಕಾದರೂ ಉತ್ತರಗಳನ್ನು ಮೊದಲೇ ಬರೆದಿಡಬಹುದು. ಒಂದೊಂದಕ್ಕೂ ಬೇರೆ ಅಂಕ, ಬೇರೆ ಮಾತು. 2 ಬಂದರೆ ಪೂರ್ತಿ. 2.14 ಬಂದರೆ ಅರ್ಧ ಅಂಕ, ಜೊತೆಗೆ "ಇದು ಇಡೀ ಗುಂಪೋ ಮಾದರಿಯೋ, ಇನ್ನೊಮ್ಮೆ ಪ್ರಶ್ನೆ ಓದಿ." 4 ಬಂದರೆ "ಕೊನೆಯ ಹೆಜ್ಜೆ ಬಿಟ್ಟಿದ್ದೀರಿ." 0 ಬಂದರೆ "ಎಲ್ಲಾ ಸಂಖ್ಯೆಗಳೂ ಒಂದೇ ಆಗಿದ್ದರೆ ಮಾತ್ರ 0 ಬರಲು ಸಾಧ್ಯ, ಇಲ್ಲಿ ಹಾಗಿದೆಯಾ?" ನಾನು ಪಕ್ಕದಲ್ಲಿ ಕೂತಿದ್ದರೆ ಹೇಳುತ್ತಿದ್ದ ಮಾತುಗಳೇ ಇವು. ಒಂದು ಸಲ ಬರೆದಿಟ್ಟರೆ ರಾತ್ರಿ ಹನ್ನೊಂದಕ್ಕೆ ಲೆಕ್ಕ ಮಾಡುವ ಹುಡುಗನಿಗೂ ಸಿಗುತ್ತವೆ.

ಉತ್ತರ ತಪ್ಪಿದರೆ ಮತ್ತೆ ಪ್ರಯತ್ನಿಸಲು ಬಿಡುವ ಸೌಲಭ್ಯವೂ ಇದೆ, ಪ್ರತಿ ತಪ್ಪಿಗೂ ಮೂರನೇ ಒಂದು ಭಾಗ ಅಂಕ ಕಡಿತ. ಸಂಖ್ಯೆ ಪ್ರಶ್ನೆಗೆ ಇದು ಚೆನ್ನ. ಬಹು ಆಯ್ಕೆಗೆ ಬೇಡ. ಅಲ್ಲಿ ಒಂದೊಂದೇ ಗುಂಡಿ ಒತ್ತುತ್ತಾ ಹೋಗುತ್ತಾರೆ, ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ವರದಿಯಲ್ಲಿ ಇನ್ನೆರಡು ಸಂಖ್ಯೆ ಬರುತ್ತವೆ. ಒಂದು, ಪ್ರಶ್ನೆ ಎಷ್ಟು ಸುಲಭವಾಗಿತ್ತು. ಎರಡು, ಒಟ್ಟಾರೆ ಚೆನ್ನಾಗಿ ಮಾಡಿದವರು ಈ ಪ್ರಶ್ನೆಯನ್ನೂ ಚೆನ್ನಾಗಿ ಮಾಡಿದ್ದಾರಾ. ಈ ಎರಡನೆಯದು ಮೈನಸ್‌ನಲ್ಲಿ ಬಂದರೆ ಜೋಪಾನ. ನನ್ನ ಒಂದು ಪ್ರಶ್ನೆಗೆ ಹಾಗೆ ಬಂತು. ತರಗತಿಯ ಜಾಣರೆಲ್ಲ ತಪ್ಪು, ಹಿಂದಿನ ಬೆಂಚಿನವರು ಸರಿ. ಹುಡುಕಿದರೆ ನಾನು ಟೈಪ್ ಮಾಡಿದ್ದ ಸರಿ ಉತ್ತರವೇ ತಪ್ಪು. ಕೈಯಲ್ಲಿ ತಿದ್ದುತ್ತಿದ್ದ ಕಾಲದಲ್ಲಿ ಇಂಥ ಎಷ್ಟು ತಪ್ಪು ಮಾಡಿದ್ದೆನೋ, ಹೇಳುವವರು ಯಾರಿದ್ದರು?

ಕಿರಿಕಿರಿಯೂ ಇದೆ. ಎಲ್ಲರಿಗೂ ಅದೇ ಎಂಟು ಸಂಖ್ಯೆ ಆದ್ದರಿಂದ "ಎಸ್‌ಡಿ ಎರಡು ಕಣೋ" ಅನ್ನುವ ಸುದ್ದಿ ತರಗತಿಗಿಂತ ವೇಗವಾಗಿ ಹರಡುತ್ತದೆ.

ಎಷ್ಟು ಖಚಿತ ಅಂತಲೂ ಕೇಳಿದಾಗ

ಮೂಡಲ್‌ನಲ್ಲೇ ಒಂದು ಮೂಲೆಯಲ್ಲಿ ಇರುವ ಇನ್ನೊಂದು ವಿಧಾನವನ್ನು ಜಾಸ್ತಿ ಜನ ಬಳಸಿದ್ದನ್ನು ನಾನು ನೋಡಿಲ್ಲ. ಉತ್ತರದ ಜೊತೆಗೆ ನಿನಗೆ ಎಷ್ಟು ಖಚಿತ ಅಂತಲೂ ವಿದ್ಯಾರ್ಥಿ ಹೇಳಬೇಕು. ಮೂರು ಮಟ್ಟ. ಕಡಿಮೆ ಖಚಿತ ಅಂದರೆ ಸರಿಗೆ 1, ತಪ್ಪಿಗೆ 0. ಮಧ್ಯಮ ಅಂದರೆ ಸರಿಗೆ 2, ತಪ್ಪಿಗೆ ಮೈನಸ್ 2. ಪೂರ್ತಿ ಖಚಿತ ಅಂದರೆ ಸರಿಗೆ 3, ತಪ್ಪಿಗೆ ಮೈನಸ್ 6. ಇದನ್ನು ಬೆಳೆಸಿದವರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಟೋನಿ ಗಾರ್ಡ್ನರ್ ಮೆಡ್ವಿನ್.

ಮೈನಸ್ 6 ನೋಡಿ ತರಗತಿಯಲ್ಲಿ ಗದ್ದಲ ಎದ್ದಿತು. ನಾನು ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. ನಿಮ್ಮ ಉತ್ತರ ಸರಿಯಾಗುವ ಸಾಧ್ಯತೆ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಅನ್ನಿಸಿದರೆ ಕಡಿಮೆ ಖಚಿತ ಅನ್ನುವುದೇ ಲಾಭ. 80%ಗಿಂತ ಮೇಲೆ ಅನ್ನಿಸಿದರೆ ಪೂರ್ತಿ ಖಚಿತ. ನಡುವೆ ಇದ್ದರೆ ಮಧ್ಯಮ. ಬೇಕಾದರೆ ನೀವೂ ಹಾಕಿ ನೋಡಿ: 80%ನಲ್ಲಿ ಮಧ್ಯಮಕ್ಕೂ ಪೂರ್ತಿಗೂ ಸರಾಸರಿ ಗಳಿಕೆ ಸಮ, ಎರಡೂ 1.2. ಸುಳ್ಳು ಹೇಳಿ ಗೆಲ್ಲುವ ದಾರಿಯೇ ಇಲ್ಲದ ಹಾಗೆ ಕಟ್ಟಿದ್ದಾರೆ. ಸಂಖ್ಯಾಶಾಸ್ತ್ರದ ಮೇಡಂಗೆ ಇದು ಇಷ್ಟವಾಗದೆ ಇರುತ್ತದಾ!

2.14ಕ್ಕೆ ಇಲ್ಲಿ ಸಿಕ್ಕ ಅರ್ಥ ಬೇರೆ ಎಲ್ಲೂ ಸಿಗಲಿಲ್ಲ. 4 ಬರೆದವರು ಬಹುತೇಕ ಕಡಿಮೆ ಖಚಿತ ಅಂದಿದ್ದರು. ಅವರಿಗೇ ಅನುಮಾನ ಇತ್ತು. 2.14 ಬರೆದವರು ಪೂರ್ತಿ ಖಚಿತ ಅಂದಿದ್ದರು. ಇಬ್ಬರದೂ ತಪ್ಪೇ, ಆದರೆ ಒಂದೇ ಥರದ ತಪ್ಪಲ್ಲ. ಅನುಮಾನ ಇರುವವರು ತಾವಾಗಿಯೇ ಪುಸ್ತಕ ತೆರೆಯುತ್ತಾರೆ. ಖಚಿತವಾಗಿ ತಪ್ಪು ತಿಳಿದವರು ತೆರೆಯುವುದಿಲ್ಲ, ಅವರನ್ನು ಹುಡುಕಿಕೊಂಡು ಹೋಗಬೇಕು.

ದೋಷ ಹೇಳಲೇಬೇಕು. ಕೆಲವರು ಎಲ್ಲದಕ್ಕೂ ಕಡಿಮೆ ಖಚಿತ ಅಂತಲೇ ಒತ್ತುತ್ತಾರೆ, ಉತ್ತರ ಎಲ್ಲಾ ಸರಿ ಇದ್ದರೂ. ನನ್ನ ತರಗತಿಯಲ್ಲಿ ಮಾತೇ ಆಡದ, ಆದರೆ ಚೆನ್ನಾಗಿ ಓದುವ ಇಬ್ಬರು ಹೀಗೆ ಮಾಡಿ ತಮಗಿಂತ ಕಡಿಮೆ ಬಲ್ಲವರಿಗಿಂತ ಹಿಂದೆ ಬಿದ್ದರು. ಅಂದಿನಿಂದ ಈ ವಿಧಾನದ ಅಂಕವನ್ನು ಫಲಿತಾಂಶಕ್ಕೆ ಸೇರಿಸುವುದು ಬಿಟ್ಟೆ. ಪಾಠಕ್ಕೆ ಮುಂಚೆ ಐದು ಪ್ರಶ್ನೆಯ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಸ್ಟ್ಯಾಕ್

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನನ್ನ ಸಮಯ ಜಾಸ್ತಿ ತಿಂದಿದ್ದು ಇದೇ.

ಸ್ಟ್ಯಾಕ್ ಗಣಿತದ ಉತ್ತರಗಳನ್ನು ತಿದ್ದುವ ತಂತ್ರಾಂಶ. ಶುರುವಾಗಿದ್ದು 2004ರಲ್ಲಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದ ಕ್ರಿಸ್ ಸ್ಯಾಂಗ್ವಿನ್ ಅವರಿಂದ. ಇದನ್ನೂ ಮೂಡಲ್ ಒಳಗೆ ಕೂರಿಸಬಹುದು. ಹಿಂದೆ ಮ್ಯಾಕ್ಸಿಮಾ ಅನ್ನುವ ಬೀಜಗಣಿತದ ತಂತ್ರಾಂಶ ಕೆಲಸ ಮಾಡುತ್ತದೆ. ಸಾಮಾನ್ಯ ಕ್ವಿಜ್ ಬರೆದದ್ದನ್ನು ಪಟ್ಟಿಯ ಜೊತೆ ಹೋಲಿಸುತ್ತದೆ. ಇದು ಬರೆದದ್ದರ ಗಣಿತ ನೋಡುತ್ತದೆ. 2 ಅಂದರೂ ಸರಿ, 4ರ ವರ್ಗಮೂಲ ಅಂದರೂ ಸರಿ, 32 ಭಾಗಿಸು 8 ಇದರ ವರ್ಗಮೂಲ ಅಂತ ಬಿಡಿಸದೆ ಬರೆದರೂ ಸರಿ.

ಅದಕ್ಕಿಂತ ಮುಖ್ಯವಾದದ್ದು, ಹೆಜ್ಜೆ ಹೆಜ್ಜೆಯಾಗಿ ಕೇಳಿ, ಹಿಂದಿನ ತಪ್ಪನ್ನು ಮುಂದಕ್ಕೆ ಒಯ್ದು ನೋಡಬಹುದು. ಒಬ್ಬ ಸರಾಸರಿಯನ್ನೇ 5ರ ಬದಲು 4.5 ಅಂದುಕೊಂಡ ಅನ್ನಿ. ಅಲ್ಲಿಗೆ ಒಂದು ಅಂಕ ಹೋಯಿತು. ಆದರೆ ಆ 4.5 ಇಟ್ಟುಕೊಂಡೇ ಮುಂದಿನ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿದ್ದರೆ ಉಳಿದ ಅಂಕ ಅವನಿಗೆ ಸಲ್ಲಬೇಕು. ಕೈಯಲ್ಲಿ ತಿದ್ದುವಾಗ ನಾವು ಹಾಗೇ ಕೊಡುತ್ತೇವೆ. ಓಎಂಆರ್ ಕೊಡುವುದಿಲ್ಲ, ಮೂಡಲ್‌ನ ಸಾದಾ ಸಂಖ್ಯೆ ಪ್ರಶ್ನೆಯೂ ಕೊಡುವುದಿಲ್ಲ. ಸ್ಟ್ಯಾಕ್‌ನಲ್ಲಿ ಆಗುತ್ತದೆ. ಉತ್ತರ ಹೀಗಿದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ ಅಂತ ಕವಲೊಡೆಯುವ ಮರ ಕಟ್ಟಬೇಕು. ಒಂದೊಂದು ಕವಲಿನಲ್ಲೂ ಅಂಕ, ಮಾತು. ಮೂಡಲ್‌ನಲ್ಲಿ 2.14 ಒಂದು ಸಂಖ್ಯೆ ಮಾತ್ರ. ಸ್ಟ್ಯಾಕ್‌ನಲ್ಲಿ ಅದು 'ಒಂದು ಕಡಿಮೆಯಿಂದ ಭಾಗಿಸಿದವರು' ಅನ್ನುವ ಕವಲು, ಸಂಖ್ಯೆಗಳು ಬದಲಾದರೂ ಕವಲು ಬದಲಾಗುವುದಿಲ್ಲ.

ಸಂಖ್ಯೆಗಳು ಬದಲಾಗುವುದು ಇದರ ಇನ್ನೊಂದು ಆಕರ್ಷಣೆ. ಪ್ರತಿ ವಿದ್ಯಾರ್ಥಿಗೂ ಬೇರೆ ಎಂಟು ಸಂಖ್ಯೆ. "ಎಸ್‌ಡಿ ಎರಡು ಕಣೋ" ಅನ್ನುವ ಪಿಸುಮಾತಿಗೆ ಬೆಲೆ ಇಲ್ಲ. "ಹೇಗೆ ಮಾಡಿದೆ?" ಅಂತ ಕೇಳಬೇಕಾಗುತ್ತದೆ, ಕೇಳಲಿ.

ಆದರೆ ಯಂತ್ರಕ್ಕೆ ಸಂಖ್ಯೆ ಆರಿಸಲು ಬಿಟ್ಟಾಗ ನಾನು ಒಂದು ಹಳ್ಳಕ್ಕೆ ಬಿದ್ದೆ. ಒಬ್ಬನಿಗೆ ಬಂದ ಸಂಖ್ಯೆಗಳ ವೇರಿಯನ್ಸ್, ಅಂದರೆ ವರ್ಗಮೂಲ ತೆಗೆಯುವ ಮುಂಚಿನ ಸಂಖ್ಯೆ, ಸರಿಯಾಗಿ 1. ಒಂದರ ವರ್ಗಮೂಲ ಒಂದೇ. ವರ್ಗಮೂಲ ಮರೆತರೂ ಅವನಿಗೆ ಪೂರ್ತಿ ಅಂಕ! ಇನ್ನೊಬ್ಬಳಿಗೆ ಸರಾಸರಿಯೇ 6.375, ಪಾಪ, ವರ್ಗ ಮಾಡುತ್ತಾ ಸುಸ್ತಾದಳು. ಒಂದೇ ಪ್ರಶ್ನೆ ಅಂತ ಕರೆದದ್ದು ಒಂದೇ ಪ್ರಶ್ನೆ ಆಗಿರಲಿಲ್ಲ. ಈಗ ಯಂತ್ರ ಹುಟ್ಟಿಸಿದ ರೂಪಗಳನ್ನು ಒಂದೊಂದಾಗಿ ನೋಡಿ, ಒಪ್ಪಿಗೆ ಇರುವುದನ್ನು ಮಾತ್ರ ಬಿಡುತ್ತೇನೆ. ಸ್ಟ್ಯಾಕ್‌ನಲ್ಲಿ ಅದಕ್ಕೆ ಅವಕಾಶ ಇದೆ. ನಾನು ಕೈಪಿಡಿ ಓದದೆ ಧುಮುಕಿದ್ದೆ ಅಷ್ಟೇ.

ಸಮಯದ ಲೆಕ್ಕ ಹೀಗಿದೆ. ಓಎಂಆರ್‌ಗೆ ಈ ಪ್ರಶ್ನೆ ಬರೆಯಲು ಐದು ನಿಮಿಷ. ಮೂಡಲ್‌ನಲ್ಲಿ ಎಲ್ಲಾ ತಪ್ಪು ಉತ್ತರಗಳಿಗೂ ಮಾತು ಬರೆಯುವಷ್ಟರಲ್ಲಿ ಅರ್ಧ ಗಂಟೆ. ಸ್ಟ್ಯಾಕ್‌ನಲ್ಲಿ ನನಗೆ ಹಿಡಿದಿದ್ದು ಎರಡು ಸಂಜೆ, ಮೂರನೆಯ ಸಂಜೆ ಒಂದು ಬ್ರ್ಯಾಕೆಟ್ ಹುಡುಕುವುದರಲ್ಲಿ ಹೋಯಿತು. ಐದು ವರ್ಷ ಕೇಳುವ ಪ್ರಶ್ನೆಗೆ ಮೂರು ಸಂಜೆ ದುಬಾರಿ ಅಲ್ಲ. ಒಂದು ಸಲ ಕೇಳಿ ಬಿಡುವ ಪ್ರಶ್ನೆಗೆ ಹುಚ್ಚುತನ.

ಪ್ರೋಗ್ರಾಂ ಬರೆಸಿದಾಗ

ನಮ್ಮಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕೂಡ ಕಲಿಸುತ್ತೇವೆ. ಹಾಗಾಗಿ ಎಸ್‌ಡಿ ಲೆಕ್ಕ ಹಾಕುವ ಫಂಕ್ಷನ್ ಬರೆಯಿರಿ ಅಂತ ಕೇಳಿದೆ. ಬಳಸಿದ್ದು ಕೋಡ್‌ರನ್ನರ್. ನ್ಯೂಜಿಲೆಂಡ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ರಿಚರ್ಡ್ ಲಾಬ್ ಕಟ್ಟಿದ್ದು, ಮೂಡಲ್ ಒಳಗೇ ನಡೆಯುತ್ತದೆ. ವಿದ್ಯಾರ್ಥಿಯ ಪ್ರೋಗ್ರಾಂ ಅನ್ನು ಓಡಿಸಿ, ನಾವು ಕೊಟ್ಟ ಪರೀಕ್ಷೆಗಳಿಗೆ ನಿರೀಕ್ಷಿತ ಉತ್ತರ ಬರುತ್ತದಾ ನೋಡುತ್ತದೆ. ಉಪಾಯ ಹೊಸದಲ್ಲ. 1960ರಲ್ಲೇ ಜ್ಯಾಕ್ ಹಾಲಿಂಗ್ಸ್‌ವರ್ತ್ ಪಂಚ್ ಕಾರ್ಡ್ ಮೇಲಿನ ಪ್ರೋಗ್ರಾಂಗಳಿಗೆ ಹೀಗೆ ಅಂಕ ಹಾಕುವ ವ್ಯವಸ್ಥೆಯ ಬಗ್ಗೆ ಬರೆದಿದ್ದರು.

ಮೊದಲ ದಿನವೇ ಒಬ್ಬ ಕಳಿಸಿದ ಫಂಕ್ಷನ್‌ನಲ್ಲಿ ಇದ್ದದ್ದು ಒಂದೇ ಸಾಲು: 2.0 ವಾಪಸ್ ಕೊಡು. ಪೂರ್ತಿ ಅಂಕ ಬಂತು! ತಪ್ಪು ಅವನದಲ್ಲ, ನಾನು ಕೊಟ್ಟಿದ್ದು ಒಂದೇ ಪರೀಕ್ಷೆ. ಮರುದಿನ ಕಣ್ಣಿಗೆ ಕಾಣದ ಐದು ಪರೀಕ್ಷೆ ಸೇರಿಸಿದೆ: ಎಲ್ಲಾ ಒಂದೇ ಸಂಖ್ಯೆ, ಮೈನಸ್ ಸಂಖ್ಯೆಗಳು, ದಶಾಂಶ, ಒಂದೇ ಒಂದು ಸಂಖ್ಯೆ ಇರುವ ಪಟ್ಟಿ, ಖಾಲಿ ಪಟ್ಟಿ. ಈಗ ಉಲ್ಟಾ ಆಯಿತು. ಲೆಕ್ಕ ಸರಿ ಇದ್ದವರ ಪ್ರೋಗ್ರಾಂ ಕೂಡ ಬಿದ್ದಿತು. ಉತ್ತರವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ 2 ಬೇರೆ, 2.0 ಬೇರೆ. ಎಷ್ಟು ದಶಾಂಶಕ್ಕೆ ನಿಲ್ಲಿಸಬೇಕು ಅನ್ನುವುದನ್ನು ನಾನು ಪ್ರಶ್ನೆಯಲ್ಲಿ ಹೇಳಿರಲಿಲ್ಲ.

ತಮಾಷೆ ಎಂದರೆ 2.14ರ ಕಥೆ. ಒಬ್ಬಳು ಜಗಳಕ್ಕೇ ಬಂದಳು: "ಮೇಡಂ, ಲೈಬ್ರರಿ ಬಳಸಿದರೂ ತಪ್ಪು ಅಂತಿದೆ!" ನೋಡಿದರೆ ಲೈಬ್ರರಿಗಳಲ್ಲೇ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಫಂಕ್ಷನ್‌ಗಳ ಕಟ್ಟುಗಳಲ್ಲೇ, ಒಮ್ಮತ ಇಲ್ಲ. ನಂಪೈ ಸುಮ್ಮನೆ ಕೇಳಿದರೆ ಎಂಟರಿಂದ ಭಾಗಿಸುತ್ತದೆ. ಪಾಂಡಾಸ್ ಏಳರಿಂದ. ಆರ್ ಭಾಷೆಯೂ ಏಳರಿಂದ. ಪೈಥಾನ್ ಜೊತೆಗೇ ಬರುವ ಸ್ಟ್ಯಾಟಿಸ್ಟಿಕ್ಸ್ ಭಾಗದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ. ಆ ದಿನದ ಪಾಠ ಪೂರ್ತಿ ಇದರ ಮೇಲೇ ನಡೆಯಿತು, ಅಷ್ಟು ಚೆನ್ನಾದ ಪಾಠ ಆ ವರ್ಷ ಇನ್ನೊಂದು ಮಾಡಿಲ್ಲ. ಆದರೆ ಅದಕ್ಕೆ ಕಾರಣ ಯಂತ್ರ ಅಲ್ಲ, ಜಗಳಕ್ಕೆ ಬಂದ ಹುಡುಗಿ. ಕೋಡ್‌ರನ್ನರ್ ಹೇಳಿದ್ದು ನಿರೀಕ್ಷಿತ 2.0, ಬಂದದ್ದು 2.138 ಅಂತ ಮಾತ್ರ. ಕಾರಣ ಹುಡುಕುವ ಕೆಲಸ ವಿದ್ಯಾರ್ಥಿಯದು. ಪ್ರೋಗ್ರಾಮಿಂಗ್ ಕಲಿಸುವುದಕ್ಕೆ ಇದು ಒಳ್ಳೆಯದೇ. ಸಂಖ್ಯಾಶಾಸ್ತ್ರ ಅರ್ಥವಾಗಿದೆಯಾ ಅಂತ ತಿಳಿಯುವುದಕ್ಕೆ ಸಾಲದು.

ವಾಕ್ಯದಲ್ಲಿ ಬರೆಯಿರಿ ಅಂದಾಗ

"ಎಸ್‌ಡಿ 2 ಅಂದರೆ ಏನರ್ಥ, ನಿಮ್ಮ ಮಾತಿನಲ್ಲಿ ಹೇಳಿ." ಇದನ್ನು ಕಂಪ್ಯೂಟರ್ ತಿದ್ದಬಲ್ಲದಾ?

ಮೊದಲು ಮಾಡಿದ್ದು ಮುಖ್ಯ ಪದಗಳನ್ನು ಹುಡುಕಿಸುವ ವಿಧಾನ. ಕನ್ನಡದಲ್ಲಿ ಬರೆದ ಉತ್ತರಗಳಿಗೆ ಅದು ಅಲ್ಲೇ ಕುಸಿಯಿತು. ನಾನು ಕೊಟ್ಟಿದ್ದು 'ಸರಾಸರಿ'. ಅವರು ಬರೆದದ್ದು ಸರಾಸರಿಯಿಂದ, ಸರಾಸರಿಗೆ, ಸರಾಸರಿಯ ಸುತ್ತ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಮುಂದೆ ಏನಿದ್ದರೂ ಒಪ್ಪುತ್ತದೆ, ಅದನ್ನು ಮಾಡಿದೆ. ಆಮೇಲೆ 'ಡಿವಿಯೇಷನ್‌ನಿಂದ' ಅನ್ನುವಂಥ ಪದಗಳ ಸರದಿ. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಒಬ್ಬರ ಕೀಬೋರ್ಡ್ ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಪರದೆಯ ಮೇಲೆ ಸಣ್ಣ ವ್ಯತ್ಯಾಸ, ಯಂತ್ರಕ್ಕೆ ಬೇರೆಯೇ ಪದ. ಬಿಟ್ಟುಬಿಟ್ಟೆ.

ಪ್ರಬಂಧಕ್ಕೆ ಅಂಕ ಹಾಕುವ ಯಂತ್ರಗಳ ಇತಿಹಾಸವೂ ಧೈರ್ಯ ಕೊಡುವಂಥದ್ದಲ್ಲ. ಎಲ್ಲಿಸ್ ಪೇಜ್ 1966ರಲ್ಲೇ ಶುರು ಮಾಡಿದ್ದರು, ಆ ಯಂತ್ರ ನೋಡುತ್ತಿದ್ದದ್ದು ಉದ್ದ, ಅಲ್ಪವಿರಾಮ, ಪದಗಳ ಅಳತೆಯಂಥ ಹೊರಗುರುತುಗಳನ್ನು. ತುಂಬಾ ವರ್ಷಗಳ ನಂತರ ಎಂಐಟಿಯ ಲೆಸ್ ಪೆರೆಲ್ಮನ್, ಅರ್ಥವೇ ಇಲ್ಲದ ಪ್ರಬಂಧ ಹುಟ್ಟಿಸುವ ಬೇಬಲ್ ಎಂಬ ಪ್ರೋಗ್ರಾಂ ಮಾಡಿಸಿ, ಅವಕ್ಕೂ ಯಂತ್ರಗಳಿಂದ ಒಳ್ಳೆಯ ಅಂಕ ಗಿಟ್ಟಿಸಿ ತೋರಿಸಿದರು.

ಈಗಿನ ಎಐ ಹಾಗಲ್ಲ, ಕನ್ನಡವನ್ನೂ ಓದುತ್ತದೆ, ಪ್ರತ್ಯಯಗಳಿಗೆ ಹೆದರುವುದಿಲ್ಲ. ಒಂದನ್ನು ಬಳಸಿ ನೋಡಿದೆ, ಹೆಸರು ಬೇಡ. ಕೊಟ್ಟ ವಿವರಣೆಗಳು ನಾನು ಬರೆಯುವುದಕ್ಕಿಂತ ತಾಳ್ಮೆಯವು, ಅದನ್ನು ಒಪ್ಪುತ್ತೇನೆ. ಆದರೆ ಅದೇ ಉತ್ತರವನ್ನು ಸಂಜೆ ಮತ್ತೆ ಕೊಟ್ಟಾಗ ಹತ್ತಕ್ಕೆ ಏಳು ಇದ್ದದ್ದು ಐದಾಯಿತು. "ಸಂಖ್ಯೆಗಳು ಸರಾಸರಿಯಿಂದ ಸುಮಾರು ಎರಡರಷ್ಟು ಆಚೀಚೆ ಇವೆ" ಅಂತ ಒಂದೇ ಸಾಲು ಬರೆದವನಿಗೆ ಕಡಿಮೆ. ಎಂಟು ಸಾಲು ನಯವಾಗಿ ಬರೆದು, ನಡುವೆ ಎಲ್ಲಾ ಸಂಖ್ಯೆಗಳೂ 3 ಮತ್ತು 7ರ ಒಳಗೇ ಇರುತ್ತವೆ ಅಂದವಳಿಗೆ ಜಾಸ್ತಿ. 2 ಮತ್ತು 9 ಪ್ರಶ್ನೆಯಲ್ಲೇ ಕಣ್ಣಿಗೆ ಹೊಡೆಯುವ ಹಾಗೆ ಇವೆ! ಅಂಕದ ಕೆಲಸಕ್ಕೆ ನಾನಂತೂ ಕೊಡುವುದಿಲ್ಲ. ಕರಡು ಉತ್ತರಕ್ಕೆ ಸಲಹೆ ಕೇಳಿಕೊಳ್ಳಿ ಅಂತ ವಿದ್ಯಾರ್ಥಿಗಳಿಗೇ ಬಿಟ್ಟಿದ್ದೇನೆ.

ಯಂತ್ರ ತಿದ್ದದೆ, ಜೋಡಿಸಿ ಮಾತ್ರ ಕೊಟ್ಟಾಗ

ಕೊನೆಯದು ನೋಡಲು ತೀರಾ ಸಾಧಾರಣ. ವಿದ್ಯಾರ್ಥಿ ಕಾಗದದ ಮೇಲೇ ಬರೆಯುತ್ತಾನೆ. ಸ್ಕ್ಯಾನ್ ಮಾಡಿದ ಉತ್ತರಗಳನ್ನು ಪರದೆಯ ಮೇಲೆ ಪ್ರಶ್ನೆವಾರು ತಿದ್ದುತ್ತೇವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಗ್ರೇಡ್‌ಸ್ಕೋಪ್ ಇಂಥದ್ದು. ಒಂದು ತಪ್ಪಿಗೆ ಒಂದು ಸಾಲು ಬರೆದು ಅಂಕ ಕೊಟ್ಟರೆ, ಅದೇ ತಪ್ಪು ಮತ್ತೆ ಬಂದಾಗ ಒಂದು ಕೀ ಒತ್ತಿದರೆ ಸಾಕು. ಅರವತ್ತನೇ ಪೇಪರ್‌ಗೆ ಬಂದಾಗ 2.14ಕ್ಕೆ ಕಳೆದ ಅಂಕ ಜಾಸ್ತಿಯಾಯಿತು ಅನ್ನಿಸಿತು. ಆ ಸಾಲಿನ ಅಂಕ ಬದಲಿಸಿದೆ, ಹಿಂದಿನ ಎಲ್ಲರಿಗೂ ತಾನಾಗಿಯೇ ಬದಲಾಯಿತು. ಕೆಂಪು ಪೆನ್ನಿನ ಕಾಲದಲ್ಲಿ ಮೊದಲ ಹತ್ತು ಪೇಪರ್‌ನವರಿಗೆ ನಾನು ಯಾವಾಗಲೂ ಕಠಿಣ, ಕೊನೆಯವರಿಗೆ ಉದಾರಿ. ಅದು ಇಲ್ಲಿ ಹೋಯಿತು.

ನಿಧಾನ ಹೌದು. ಓಎಂಆರ್ ಒಂದು ಗಂಟೆಯಲ್ಲಿ ಮುಗಿಸುವುದಕ್ಕೆ ಇಲ್ಲಿ ಎರಡು ದಿನ. ಆದರೆ ಕಾಗದದ ಮೇಲೆ ದಾರಿ ಪೂರ್ತಿ ಕಾಣುತ್ತದೆ. 2 ಅಂತ ಸರಿ ಉತ್ತರ ಬರೆದವರಲ್ಲೂ ಇಬ್ಬರು 9ರಿಂದ 2 ಕಳೆದು, ಏನೇನೋ ಭಾಗಿಸಿ, ಹೇಗೋ 2 ತಂದಿದ್ದರು. ಕೊನೆಯ ಸಂಖ್ಯೆಯನ್ನು ಮಾತ್ರ ನೋಡುವ ಯಂತ್ರಗಳಾಗಿದ್ದರೆ ಇವರು ಪಾಸು.

ಹಾಗಾಗಿ ಈಗ ನನ್ನಲ್ಲಿ ಹೀಗೆ ನಡೆಯುತ್ತಿದೆ. ವಾರದ ಅಭ್ಯಾಸಕ್ಕೆ ಮೂಡಲ್‌ನ ಸಂಖ್ಯೆ ಪ್ರಶ್ನೆ, ತಪ್ಪು ಉತ್ತರಗಳಿಗೆ ನನ್ನ ಮಾತುಗಳ ಜೊತೆ. ಹೊಸ ಪಾಠಕ್ಕೆ ಮುಂಚೆ ಖಚಿತತೆ ಕೇಳುವ ಐದು ಪ್ರಶ್ನೆ, ಅಂಕ ಇಲ್ಲ. ಪ್ರತಿ ವರ್ಷ ಬರುವ ಹತ್ತು ಪ್ರಶ್ನೆಗಳನ್ನು ಮಾತ್ರ ಸ್ಟ್ಯಾಕ್‌ನಲ್ಲಿ ಕಟ್ಟಿದ್ದೇನೆ. ಲ್ಯಾಬ್‌ನಲ್ಲಿ ಕೋಡ್‌ರನ್ನರ್. ಕೊನೆಯ ಪರೀಕ್ಷೆ ಕಾಗದದಲ್ಲಿ, ತಿದ್ದುವುದು ಪರದೆಯಲ್ಲಿ. ಓಎಂಆರ್ ಹಾಳೆಗಳ ಕಟ್ಟು ಬೀರುವಿನಲ್ಲಿದೆ. ತುರ್ತಿಗೆ ಇರಲಿ ಅಂತ.

ಮೊನ್ನೆ ವಾರದ ಕ್ವಿಜ್‌ನ ವರದಿಯಲ್ಲಿ ಹೊಸ ಸಂಖ್ಯೆ ಕಂಡಿತು. 2.42. ಮೂವರು ಬರೆದಿದ್ದರು. ನಕಲು ಇರಬೇಕು ಅಂದುಕೊಂಡೆ, ಆದರೆ ಮೂವರೂ ಒಬ್ಬರಿಗೊಬ್ಬರು ಪರಿಚಯ ಇಲ್ಲದವರು. ಏಳರಿಂದ ಭಾಗಿಸಿ ನೋಡಿದೆ, ಒಂಬತ್ತರಿಂದ ನೋಡಿದೆ, ಬರಲಿಲ್ಲ. ಕೊನೆಗೆ ಒಬ್ಬನನ್ನು ಕರೆದು, ಮಾಡಿ ತೋರಿಸು ಅಂದೆ. ಅವನು ಬರೆದುಕೊಂಡಿದ್ದು 2, 4, 5, 7, 9.

"ಉಳಿದ ನಾಲ್ಕುಗಳು ಎಲ್ಲಿ?"

"ಮೇಡಂ, 4 ಒಂದೇ ನಂಬರ್ ಅಲ್ವಾ, ಮೂರು ಸಲ ಯಾಕೆ ಬರೀಬೇಕು?"

ಆ ಸಂಜೆ ಮೂಡಲ್ ತೆರೆದು ಉತ್ತರಗಳ ಪಟ್ಟಿಗೆ 2.42 ಸೇರಿಸಿದೆ. ಪಕ್ಕದಲ್ಲಿ ಏನು ಬರೆಯಬೇಕು ಅಂತ ಸ್ವಲ್ಪ ಹೊತ್ತು ಯೋಚಿಸಿ, "ಎಂಟು ಜನರಲ್ಲಿ ಮೂವರ ವಯಸ್ಸು ಒಂದೇ ಆದರೆ, ಅವರಲ್ಲಿ ಇಬ್ಬರನ್ನು ಹೊರಗೆ ಕಳಿಸುತ್ತೀರಾ?" ಅಂತ ಬರೆದೆ.